ಅಲ್ಪದೋಷವೂ ಜಲಾಶಯವೂ

ಒಬ್ಬನು ಕೆರೆಗೆ ವಿಷವನ್ನು ಹಾಕಿದರೆ ಅವನು ಪಾಪಿಯೆಂಬುದರಲ್ಲಿ ವಿವಾದವಿಲ್ಲ. ಸಾವಿರ ಮಂದಿ ತಂತಮ್ಮ ಹೊಲಮನೆಗಳಲ್ಲಿ ನ್ಯಾಯವಾದ ಕೆಲಸಗಳನ್ನೇ ಮಾಡುತ್ತಿದ್ದು, ಅವೆಲ್ಲವೂ ಕೂಡಿ ಕೆರೆಯ ನೀರು ಕೆಟ್ಟರೆ ದೋಷವು ಯಾರದು? ಧರ್ಮವಿಚಾರದಲ್ಲಿ ಈ ಪ್ರಶ್ನೆಯು ಸುಲಭವಾದುದಲ್ಲ.

ಜಲಾಶಯವನ್ನು ಕೆಡಿಸುವ ವಸ್ತುವು ಅನೇಕ ವೇಳೆ ವಿಷವಲ್ಲ, ಆಹಾರವೇ ಎಂಬುದು ಇಲ್ಲಿಯ ವೈಚಿತ್ರ್ಯ. ಪೈರಿಗೆ ಬಲವನ್ನು ಕೊಡುವ ಸಾರಜನಕ ರಂಜಕಗಳು ಮಳೆಯ ನೀರಿನೊಡನೆಯೂ ಊರ ಬಚ್ಚಲಿನೊಡನೆಯೂ ಹರಿದುಬಂದು ಪಾಚಿಗೆ ಅನ್ನವಾಗುತ್ತವೆ. ಆ ಪಾಚಿಯು ಹಸುರು ಕಂಬಳಿಯಂತೆ ಹರಡಿ, ಸತ್ತು, ತಳಕ್ಕಿಳಿದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ಮುಗಿದುಹೋಗಿ ಮೀನುಗಳು ಉಸಿರಿಲ್ಲದೆ ಸಾಯುತ್ತವೆ. ನೀಲಹಸುರು ಪಾಚಿಯ ಕೆಲವು ಜಾತಿಗಳಂತೂ ಕುದಿಸಿದರೂ ಹೋಗದ ವಿಷವನ್ನು ನೀರಿಗೆ ಬಿಡುತ್ತವೆ. 1973ರಲ್ಲಿ ಕೆನಡಾ ದೇಶದ ವಿಜ್ಞಾನಿಗಳು ಒಂದು ಸರೋವರವನ್ನು ಪರದೆಯಿಂದ ಇಬ್ಭಾಗಮಾಡಿ, ಇಂಗಾಲ ಸಾರಜನಕಗಳನ್ನು ಎರಡೂ ಕಡೆಗೂ, ರಂಜಕವನ್ನು ಒಂದೇ ಕಡೆಗೂ ಹಾಕಿದರು. ರಂಜಕವನ್ನುಂಡ ಭಾಗವೇ ದಟ್ಟವಾಗಿ ಪಾಚಿಗಟ್ಟಿತು.

ಅಲ್ಲಿ ರಂಜಕವನ್ನು ಹಾಕಿದ ಕೈ ಯಾವುದೆಂಬುದು ಗೊತ್ತಿತ್ತು. ನಾಡಿನ ಜಲಾಶಯಗಳಲ್ಲಿ ಹಾಗಿಲ್ಲ. ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ, ಬೆಂಗಳೂರಿನ ಕುಡಿಯುವ ನೀರಿಗಾಗಿ, 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಕಾಲಕ್ರಮದಲ್ಲಿ ಅದರ ಜಲಾನಯನ ಭೂಮಿಯಲ್ಲಿ ದೊಡ್ಡಬಳ್ಳಾಪುರ, ನೆಲಮಂಗಲಗಳು ಬೆಳೆದವು; ಹೊಲಗಳು ನಿವೇಶನಗಳಾದವು; ಕಾರ್ಖಾನೆಗಳು ಬಂದವು. 2003ರಲ್ಲಿ ಸರ್ಕಾರವು ಆ ಪ್ರದೇಶದ ಕಟ್ಟಡ ಉದ್ಯಮಗಳಿಗೆ ಮಿತಿಯನ್ನು ವಿಧಿಸಬೇಕಾಯಿತು. ಹುಲ್ಲು ಮರಗಳಿದ್ದ ನೆಲವು ಮಳೆಯನ್ನು ಹೀರಿ ಮಣ್ಣನ್ನು ಹಿಡಿದಿಡುತ್ತದೆ; ಬೋಳಾದ ನೆಲವು ಮಣ್ಣನ್ನೂ, ಅದಕ್ಕಂಟಿದ ರಂಜಕವನ್ನೂ ಹಳ್ಳಕ್ಕೆ ಒಪ್ಪಿಸುತ್ತದೆ.

ಈಗ ವಿಚಾರಿಸತಕ್ಕದ್ದು ಇಷ್ಟು. ರೈತನು ಮಕ್ಕಳ ಹೊಟ್ಟೆಗಾಗಿ ಗೊಬ್ಬರವನ್ನು ಹಾಕಿದನು. ಗೃಹಸ್ಥನು ಶುಚಿಗಾಗಿ ಬಟ್ಟೆಯನ್ನೊಗೆದನು. ಮತ್ತೊಬ್ಬನು ತಲೆಯ ಮೇಲೊಂದು ಸೂರಿಗಾಗಿ ಮನೆಯನ್ನು ಕಟ್ಟಿದನು. ಯಾರ ಸಂಕಲ್ಪದಲ್ಲಿಯೂ ದೋಷವಿಲ್ಲ. ಸಂಕಲ್ಪಶುದ್ಧಿಯೇ ಸಾಕೆನ್ನುವವರು ಇಲ್ಲಿಗೆ ನಿಲ್ಲಬಹುದು. ಆದರೆ ಕರ್ಮದ ಫಲವು ಎಲ್ಲಿ ಹೋಗಿ ಸೇರುತ್ತದೆಂಬುದನ್ನು ತಿಳಿದ ಮೇಲೆಯೂ ಅದನ್ನೇ ಮಾಡುವವನ ಸಂಕಲ್ಪವು ಮೊದಲಿನಷ್ಟು ಶುದ್ಧವೆನ್ನಲಾಗದು. ಅಜ್ಞಾನವಿದ್ದಾಗ ನಿರ್ದೋಷವಾಗಿದ್ದುದು ಜ್ಞಾನ ಬಂದ ಮೇಲೆ ಅಪಚಾರವಾಗುತ್ತದೆ. "ನನ್ನ ಪಾಲು ಒಂದು ಬೊಗಸೆ ಮಾತ್ರ" ಎಂಬ ಸಮಾಧಾನವೂ ನಿಲ್ಲದು. ಕೆರೆಯು ತುಂಬುವುದೇ ಬೊಗಸೆಗಳಿಂದ. ಆದರೆ ಎಲ್ಲರ ಹೊಣೆಯೂ ಸಮವೆಂದಲ್ಲ. ಹೊಟ್ಟೆಗಾಗಿ ಮಾಡುವವನಿಗಿಂತ ಲಾಭಕ್ಕಾಗಿ ಮಾಡುವವನದೂ, ತಡೆಯಬಲ್ಲ ಅಧಿಕಾರವಿದ್ದು ಸುಮ್ಮನಿರುವವನದೂ ಹೆಚ್ಚು.

ಜಲಾಶಯವು ಮರೆಯುವುದಿಲ್ಲ. ಹಳೆಯ ರಂಜಕವು ತಳದ ಹೂಳಿನಲ್ಲಿ ಸಂಚಿತಕರ್ಮದಂತೆ ಅಡಗಿದ್ದು, ತಳದಲ್ಲಿ ಆಮ್ಲಜನಕವು ಮುಗಿದಾಗ ಮತ್ತೆ ನೀರಿಗೇಳುತ್ತದೆ. ಆದುದರಿಂದ ಹೊರಗಿನ ಹರಿವನ್ನು ತಡೆದ ದಿನವೇ ಕೆರೆಯು ತಿಳಿಯಾಗದು. ಹಿಂದಿನ ಗ್ರಾಮಸ್ಥರು ಬೇಸಗೆಯಲ್ಲಿ ಕೆರೆಯ ಗೋಡನ್ನು ಬಂಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಹೊಲದಿಂದ ಬಂದುದು ಹೊಲಕ್ಕೇ ಮರಳುತ್ತಿತ್ತು. ಕೆರೆಯ ಋಣವೂ ತೀರುತ್ತಿತ್ತು. ಪೈರಿಗೆ ಬೇಕಾದಷ್ಟೇ ಗೊಬ್ಬರ, ಹಳ್ಳದ ಅಂಚಿನಲ್ಲಿ ಹುಲ್ಲು ಮರಗಳ ಪಟ್ಟಿ, ಶುದ್ಧಿಮಾಡದೆ ಹೊರಬಿಡದ ಬಚ್ಚಲು: ಇವು ಆ ಋಣಸಂದಾಯದ ಇಂದಿನ ರೂಪಗಳು. ಮೇಲಿನ ಊರಿನವನು ಕೆಳಗಿನ ಊರಿನವನ ಮುಖವನ್ನು ಎಂದೂ ಕಾಣದಿರಬಹುದು. ಆದರೂ ಅವನು ಕುಡಿಯುವ ನೀರು ಇವನ ಅಂಗಳದಿಂದಲೇ ಹೊರಡುತ್ತದೆ.