ಕೋಚ್‌ನ ಕರ್ಮ, ಫಲದ ಪಾಲು

ಆಟ ನಿಲ್ಲಿಸಿ ಕೋಚ್ ಆದವನ ಕರ್ಮ ವಿಚಿತ್ರವಾದದ್ದು. ಹೊಣೆ ಅವನದು, ಕೆಲಸ ನಡೆಯುವುದು ಮಾತ್ರ ಬೇರೆಯವರ ಕೈಕಾಲಿನಲ್ಲಿ. ಹಾಗಿದ್ದಾಗ ಫಲ ಯಾರಿಗೆ ಸೇರಬೇಕು? ಈ ಪ್ರಶ್ನೆಯನ್ನು ಪರೀಕ್ಷಿಸಲು ಬೆಂಗಳೂರಿನ ಕ್ರಿಕೆಟಿಗ ರಾಹುಲ್ ದ್ರಾವಿಡ್ ಅವರ ಎರಡನೆಯ ವೃತ್ತಿಜೀವನ ಒಳ್ಳೆಯ ಸಾಮಗ್ರಿ ಒದಗಿಸುತ್ತದೆ.

164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿ 2012ರಲ್ಲಿ ನಿವೃತ್ತರಾದ ದ್ರಾವಿಡ್, 2015ರಿಂದ 19 ವರ್ಷದೊಳಗಿನವರ ಮತ್ತು ‘ಎ’ ತಂಡಗಳನ್ನು ತಿದ್ದಿದರು. 2021ರ ನವೆಂಬರಿನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. 2023ರ ವಿಶ್ವಕಪ್‌ನಲ್ಲಿ ತಂಡ ಸತತ ಹತ್ತು ಪಂದ್ಯ ಗೆದ್ದು, ನವೆಂಬರ್ 19ರಂದು ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಏಳು ತಿಂಗಳ ನಂತರ, 2024ರ ಜೂನ್ 29ರಂದು, ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಕೈಗೆ ಬಂತು. ಅಲ್ಲಿ ದಕ್ಷಿಣ ಆಫ್ರಿಕಾಕ್ಕೆ ಒಂದು ಹಂತದಲ್ಲಿ 30 ಎಸೆತಗಳಲ್ಲಿ 30 ರನ್ ಸಾಕಿತ್ತು. ಕೊನೆಯ ಓವರಿನ ಮೊದಲ ಎಸೆತದಲ್ಲಿ ಬೌಂಡರಿ ಗೆರೆಯಂಚಿನಲ್ಲಿ ಸೂರ್ಯಕುಮಾರ್ ಯಾದವ್ ಹಿಡಿದ ಕ್ಯಾಚ್ ಇಲ್ಲದಿದ್ದರೆ ಅದೇ ಕೋಚ್, ಅದೇ ಸಿದ್ಧತೆ ಮತ್ತೊಂದು ಸೋಲಿನ ಲೆಕ್ಕಕ್ಕೆ ಸೇರುತ್ತಿದ್ದವು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ತಾನೊಬ್ಬನೇ ಮಾಡಿದೆ ಎನ್ನುವವನದು ಅರೆತಿಳಿವು ಎಂಬುದು ಅಲ್ಲಿನ ನಿಲುವು. ಶಂಕರರ ಭಾಷ್ಯದಂತೆ ಅಧಿಷ್ಠಾನವೆಂದರೆ ದೇಹ. ಕೋಚ್‌ನ ವಿಷಯದಲ್ಲಿ ಆ ದೇಹ ಪರರದು. ಕರಣವೆಂಬ ಇಂದ್ರಿಯಗಳು, ಚೇಷ್ಟೆಯೆಂಬ ಚಟುವಟಿಕೆಗಳೂ ಪರರವೇ. ಅವನಿಗೆ ಉಳಿಯುವುದು ಸಿದ್ಧತೆ. ಗೀತೆಯ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಮನೆಯೇ ಇಲ್ಲ.

ಇನ್ನು ದೈವ. ದ್ರಾವಿಡ್ ನಾಯಕತ್ವದ ತಂಡ 2007ರ ವಿಶ್ವಕಪ್‌ನ ಗುಂಪು ಹಂತದಲ್ಲೇ ಹೊರಬಿದ್ದದ್ದು ಇದೇ ಕೆರಿಬಿಯನ್ ದ್ವೀಪಗಳಲ್ಲಿ. ಹದಿನೇಳು ವರ್ಷದ ಹಳೆಯ ಸಾಲವನ್ನು ವಿಧಿ ತೀರಿಸಿತು ಎಂದು ಅನೇಕರು ಸಂಭ್ರಮಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ ಎಚ್. ನರಸಿಂಹಯ್ಯನವರ ವೈಚಾರಿಕ ಪರಂಪರೆ ಇಂಥ ಕಥೆಗೆ ಪುರಾವೆ ಕೇಳುತ್ತದೆ. ಪುರಾವೆ ಇಲ್ಲ, ಇರುವುದು ಕಾಕತಾಳೀಯ. ‘ದ್ರಾವಿಡ್‌ಗಾಗಿ ಗೆಲ್ಲಿ’ ಎಂಬ ಪ್ರಚಾರ ನಡೆದಾಗ, ಒಬ್ಬನಿಗಾಗಿ ಆಡುವುದು ತಮ್ಮ ನಂಬಿಕೆಗೇ ವಿರುದ್ಧ ಎಂದು ಸ್ವತಃ ಕೋಚ್ ಹೇಳಿದ್ದರು. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಹತ್ತಿರದ ಮಾತು ಕ್ರೀಡಾಪುಟಗಳಲ್ಲಿ ಸಿಗುವುದು ಕಷ್ಟ.

ಫಲ ಬೇಡವೆನ್ನುವುದು ಸುಲಭ, ಬಂದ ಫಲವನ್ನು ಹಂಚುವುದೇ ಕಷ್ಟ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟದ್ದು ಇಲ್ಲಿ ನೆನಪಾಗುತ್ತದೆ. ದಾನದಲ್ಲಿ ಕೊಡುವವನೆಂಬ ಹಮ್ಮು ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಜಾಗವಿಲ್ಲ. 2018ರಲ್ಲಿ ಕಿರಿಯರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತ್ತು. ಅವರ ಆಕ್ಷೇಪದ ನಂತರ ಎಲ್ಲರಿಗೂ 25 ಲಕ್ಷವಾಯಿತು. 2024ರಲ್ಲೂ 5 ಕೋಟಿಯ ಬದಲು ಇತರ ಕೋಚ್‌ಗಳಂತೆ ಎರಡೂವರೆ ಕೋಟಿ ಸಾಕೆಂದರೆಂದು ವರದಿಯಾಯಿತು. ಇದನ್ನು ಔದಾರ್ಯ ಎನ್ನುವುದಕ್ಕಿಂತ, ಐದು ಕಾರಣಗಳ ಸರಿಯಾದ ಲೆಕ್ಕ ಎನ್ನುವುದು ಹೆಚ್ಚು ಸೂಕ್ತ.

ಭಾರತ ತಂಡ ಬಿಟ್ಟ ಮೇಲೆ ಅವರು ಕೋಚ್ ಆಗಿ ಹೋದದ್ದು ರಾಜಸ್ಥಾನ ರಾಯಲ್ಸ್‌ಗೆ. 2025ರ ಐಪಿಎಲ್‌ನಲ್ಲಿ ಆ ತಂಡ ಒಂಬತ್ತನೆಯ ಸ್ಥಾನಕ್ಕಿಳಿಯಿತು. ಆಗಸ್ಟ್‌ನಲ್ಲಿ ದ್ರಾವಿಡ್ ಹುದ್ದೆ ಬಿಟ್ಟರು.