ಆರಿಸಿಕೊಂಡ ಊರು

ರಿಟೈರ್ ಆದ ಮೇಲೆ ಎಲ್ಲಿರ್ತೀರಿ ಅಂತ ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: ಸಾಗರ. ಕೇಳಿದವರ ಮುಖ ಅರಳುತ್ತಿತ್ತು. 'ಜೋಗದ ಹತ್ರ ಅಲ್ವಾ? ಪುಣ್ಯವಂತರು ಬಿಡ್ರಿ.' ನನ್ನ ಅಣ್ಣನೊಬ್ಬನೇ ಬೇರೆ ಥರ ಕೇಳಿದ್ದು. 'ಅಲ್ಲಿ ನಿಂಗೆ ಯಾರವ್ರೆ?'

ಯಾರೂ ಇಲ್ಲ. ನಾವು ಮಧುಗಿರಿ ಕಡೆಯವರು. ಕಡಲೆಕಾಯಿ, ರಾಗಿ, ಬತ್ತಿದ ಬೋರ್‌ವೆಲ್ಲು. ನಾನು ಬ್ಯಾಂಕಿನ ಕೆಲಸ ಹಿಡಿದು ಬೆಂಗಳೂರು ಸೇರಿದೆ, ಅಣ್ಣ ಊರಲ್ಲೇ ಉಳಿದ. ಹಳ್ಳಿಗೆ ವಾಪಸ್ ಹೋಗಬೇಕು ಅಂತ ಮೂವತ್ತು ವರ್ಷ ಹೇಳಿಕೊಂಡು ತಿರುಗಿದವನು, ಹೋಗುವ ಹೊತ್ತು ಬಂದಾಗ ನನ್ನ ಹಳ್ಳಿ ಬಿಟ್ಟು ಇನ್ನೊಬ್ಬರ ಹಳ್ಳಿಯನ್ನು ಆರಿಸಿಕೊಂಡೆ. ಕಾರಣ ಸರಳ. ಇಲ್ಲಿ ಹಸಿರಿದೆ, ನೀರಿದೆ, ಹತ್ತಿರದಲ್ಲೇ ಹೆಗ್ಗೋಡಿನ ನೀನಾಸಂ ಇದೆ. ರಾತ್ರಿ ಬೆಂಗಳೂರಲ್ಲಿ ರೈಲು ಹತ್ತಿ ಮಲಗಿದರೆ ಬೆಳಗ್ಗೆ ಸಾಗರ ಜಂಬಗಾರು ಸ್ಟೇಷನ್ನು. ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಅವನು 'ಆಯ್ತು' ಅಂದ. ಅವನ ಆ 'ಆಯ್ತು' ನನಗೆ ಐವತ್ತು ವರ್ಷದಿಂದ ಗೊತ್ತು.

ತಿಳಿದವರ ಸಲಹೆಯಂತೆ, ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗಿದ್ದು ನೋಡೋಣ ಅಂತ ಕಳೆದ ಜೂನಲ್ಲಿ ಬಂದೆವು. ಪೇಟೆಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿ, ಹಂಚಿನ ಮನೆ, ಹಿಂದೆ ಒಂದೆಕರೆ ಅಡಿಕೆ ತೋಟ. ಇದೇ ಯೋಚನೆಯಲ್ಲಿರುವ ಗೆಳೆಯರಿಗೆ ನಾನೂ ಹೇಳುವುದು ಅದನ್ನೇ: ಜೂನಲ್ಲಿ ಬನ್ನಿ, ಡಿಸೆಂಬರಲ್ಲಿ ಬರಬೇಡಿ. ಡಿಸೆಂಬರಿನ ಮಲೆನಾಡು ಎಲ್ಲರಿಗೂ ಇಷ್ಟವಾಗುತ್ತದೆ. ಜುಲೈಯಲ್ಲಿ ನನ್ನ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಒಗೆದ ಬಟ್ಟೆ ನಾಲ್ಕು ದಿನ ಒಣಗಲಿಲ್ಲ. ಇಂಬಳ ಹತ್ತಿದರೆ ಹೆಂಡತಿ ಮೊದಮೊದಲು ಕಿರುಚುತ್ತಿದ್ದಳು, ಆಮೇಲೆ ಸುಣ್ಣ ಹಚ್ಚುವುದು ಕಲಿತಳು. ಬೇಸಿಗೆಗೆ ಮುಂಚೆ ಕಾಡಿನಂಚಿಗೆ ಹೋಗಬೇಡಿ ಅಂತ ಆಶಾ ಕಾರ್ಯಕರ್ತೆ ಬಂದು ಹೇಳಿ ಹೋದರು. ಮಂಗನ ಕಾಯಿಲೆ. 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಇದೇ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಎದೆನೋವು ಅಂದರೆ ಶಿವಮೊಗ್ಗ, ಎಪ್ಪತ್ತು ಕಿಲೋಮೀಟರ್. ಅದೂ ಆಗದಿದ್ದರೆ ಘಟ್ಟ ಇಳಿದು ಮಣಿಪಾಲ.

ಇದೆಲ್ಲ ಸಹಿಸಿಕೊಳ್ಳಬಹುದಾದ ಸಂಗತಿಗಳೇ. ನನ್ನನ್ನು ಕಾಡಿದ್ದು ಬೇರೆ.

ಪಕ್ಕದ ಮನೆಯ ಯಜಮಾನರಿಗೆ ಎಪ್ಪತ್ತೈದು ದಾಟಿದೆ. ಸಂಜೆ ನಮ್ಮ ಜಗಲಿಗೆ ಬಂದು ಕವಳ ಹಾಕುತ್ತಾ ಕೂರುತ್ತಾರೆ. ಒಂದು ದಿನ ಕೇಳಿದೆ, ನಿಮ್ಮ ಮೂಲ ಊರು ಇದೇನಾ ಅಂತ. ಅವರು ಪಶ್ಚಿಮಕ್ಕೆ ಕೈ ತೋರಿಸಿದರು. 'ನಮ್ಮೂರು ನೀರಡಿಗೆ ಅದೆ ಮಾರಾಯ್ರೆ.' ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಸ್ವಲ್ಪ ಮುಂಚೆ, ಅವರಿಗೆ ಹನ್ನೆರಡು ತುಂಬಿದ್ದಾಗ, ಪಾತ್ರೆಪಗಡೆ, ದನ, ಅಜ್ಜಿ ಎಲ್ಲವನ್ನೂ ಒಂದೇ ಲಾರಿಯಲ್ಲಿ ತುಂಬಿ ತಂದು ಇಳಿಸಿದರಂತೆ. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಇವರೂ ಒಂದು ಸಲ ಹೋಗಿದ್ದರಂತೆ. 'ದೂರದಿಂದ ನೋಡ್ದೆ. ಹತ್ರ ಹೋಗೂಕೆ ಮನಸ್ಸು ಬರ್ಲಿಲ್ಲ.' ಆಮೇಲೆ ನಗುತ್ತಲೇ ಒಂದು ಮಾತು ಸೇರಿಸಿದರು. 'ನಮ್ಮನ್ನ ತಂದು ಹಾಕಿದ್ರು. ನೀವು ಆರಿಸ್ಕಂಡು ಬಂದೀರಿ.'

ಅವರು ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೆ ಕರೆಂಟು ಬಂತು. ಇದು ಶರಾವತಿಯಿಂದ ಬರ್ತಿರೋ ಬೆಳಕು ಅಂತ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರು. ಆ ಬಲ್ಬಿನ ಕೆಳಗೆ ಓದಿ ನಾನು ಬ್ಯಾಂಕಿನ ಪರೀಕ್ಷೆ ಪಾಸಾದೆ. ಈ ಹಿರಿಯರ ಊರು ಮುಳುಗಿದ್ದರಿಂದ ಹತ್ತಿದ ಬಲ್ಬು ಅದು. ಇವರಂಥ ಎಷ್ಟೋ ಮುಳುಗಡೆ ಕುಟುಂಬಗಳು ಕೊಟ್ಟ ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿವೆ. ಇದೇ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಇಲ್ಲಿಯವರು ಬೀದಿಗಿಳಿದರು. ನಾನು ಆಗ ಬೆಂಗಳೂರಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡುತ್ತಾ, ತಂದ್ರೆ ಏನಾಗುತ್ತೆ, ಸಮುದ್ರಕ್ಕೆ ಹೋಗೋ ನೀರು ತಾನೇ ಅಂತ ಅಂದವನೇ. ಸುಳ್ಳು ಯಾಕೆ ಹೇಳಲಿ.

ಆದರೆ ಅಷ್ಟಕ್ಕೇ ಇಲ್ಲಿ ಬಂದು ಬದುಕುವುದು ತಪ್ಪಾಗುತ್ತದೆಯೇ? ಬೆಳಕು ಉಂಡವರೆಲ್ಲ ಸಾಲಗಾರರಾದರೆ ಇಡೀ ರಾಜ್ಯವೇ ಸಾಲಗಾರ. ಹಾಗೆ ನೋಡಿದರೆ ಆ ಸಾಲಕ್ಕೆ ಅರ್ಥವೇ ಇರುವುದಿಲ್ಲ ಅಂತ ನನಗೆ ನಾನೇ ವಾದಿಸಿದೆ. ಅಲ್ಲದೆ ನಾನು ಬಾಡಿಗೆ ಕೊಡುತ್ತೇನೆ, ಪೆನ್ಶನ್ ಇಲ್ಲೇ ಖರ್ಚು ಮಾಡುತ್ತೇನೆ. ಈ ಕೇರಿಯ ಒಂಬತ್ತು ಮನೆಗಳಲ್ಲಿ ನಾಲ್ಕಕ್ಕೆ ಬೀಗ. ಮಕ್ಕಳು ಬೆಂಗಳೂರಲ್ಲಿ. ಬೀಗ ಹಾಕಿದ ಮನೆಯಲ್ಲಿ ಒಂದು ದೀಪ ಹಚ್ಚಿದರೆ ಯಾರಿಗೆ ನಷ್ಟ?

ಈ ವಾದದಲ್ಲಿ ನಾನೇ ಕಂಡ ಬಿರುಕು ಹೇಳುತ್ತೇನೆ. ಇಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನನ್ನದಕ್ಕೆ ನೀವು ಬನ್ನಿ. ಈಗ ಕಮ್ಮಿಯಾಗಿದೆ, ಆದರೆ ಅದರ ಲೆಕ್ಕ ಜನರ ಮನಸ್ಸಿನಲ್ಲಿ ಉಳಿದಿದೆ. ಸೆಪ್ಟೆಂಬರಲ್ಲಿ ಒಂದು ರಾತ್ರಿ ಹೆಂಡತಿಗೆ ಉಸಿರು ಕಟ್ಟಿದಂತಾಯಿತು. ಕೇರಿಯಲ್ಲಿ ಉಳಿದಿರುವ ಒಬ್ಬನೇ ಒಬ್ಬ ಹುಡುಗ ಆ ಮಳೆಯಲ್ಲಿ ಓಮ್ನಿ ತೆಗೆದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಬೆಳಗಿನ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ದೊಡ್ಡದೇನೂ ಆಗಿರಲಿಲ್ಲ. ದುಡ್ಡು ಕೊಡಲು ಹೋದರೆ ಪೆಟ್ರೋಲಿನಷ್ಟು ಮಾತ್ರ ಎಣಿಸಿಕೊಂಡ. ಅವನಿಗೆ ನಾನು ಯಾವ ಮುಯ್ಯಿ ತೀರಿಸಲಿ? ಅರವತ್ತೆರಡರ ಬಯಲುಸೀಮೆಯವನು ಮರ ಹತ್ತಿ ಕೊನೆ ಕೊಯ್ಯಲಾರೆ. ದುಡಿಯುವ ವಯಸ್ಸಿನವರನ್ನು ನಗರಕ್ಕೆ ಕಳಿಸಿದ ಊರಿಗೆ ನಗರ ನಮ್ಮಂಥವರನ್ನು ಕಳಿಸುತ್ತಿದೆ, ಮಂಡಿನೋವು ಬಿಪಿ ಮಾತ್ರೆ ಸಮೇತ. ಉಳಿದ ಒಬ್ಬ ಹುಡುಗ ನಮ್ಮನ್ನು ಹೊರಬೇಕು.

ಈ ಮೇ ತಿಂಗಳಿಗೆ ವರ್ಷ ಮುಗಿಯುತ್ತದೆ. ಮನೆ, ತೋಟ ಎರಡೂ ಸೇರಿ ಕೊಡ್ತೀನಿ, ತಗೊಳ್ಳಿ ಅಂತ ಮಾಲೀಕರು ಹೇಳಿದರು. ಮೊದಲಾದರೆ ಕೃಷಿಕನಲ್ಲದವನಿಗೆ ತೋಟ ಕೊಳ್ಳುವುದು ಕಷ್ಟವಿತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಆ ತೊಡಕಿಲ್ಲ. ಪಿಎಫ್ ದುಡ್ಡು ಬ್ಯಾಂಕಲ್ಲಿದೆ. ಹೂಂ ಅನ್ನುವವನಿದ್ದೆ. ಆಗ ಗೊತ್ತಾಯಿತು, ಅದೇ ತೋಟವನ್ನು ಓಮ್ನಿ ಹುಡುಗನೂ ಕೇಳಿದ್ದಾನೆ. ಅವನ ಜಾಗಕ್ಕೆ ಹೊಂದಿಕೊಂಡ ತೋಟ. ನನಗಿಂತ ಆರು ಲಕ್ಷ ಕಮ್ಮಿ, ಅದರಲ್ಲೂ ಅರ್ಧ ಸೊಸೈಟಿ ಸಾಲ. ನಾನು ಬಂದ ಮೇಲೆ ಮಾಲೀಕರು ಅವನ ಜೊತೆ ಮಾತು ನಿಲ್ಲಿಸಿದ್ದರು.

ನಾನು ಹೋಗಿ ಹೇಳಿದೆ, ಮನೆ ಮಾತ್ರ ಕೊಡಿ, ತೋಟ ಆ ಹುಡುಗನಿಗೆ ಕೊಡಿ ಅಂತ. ಹೇಳುವಾಗ ಸ್ವಲ್ಪ ಹೆಮ್ಮೆಯೇ ಇತ್ತು ಅಂತ ಕಾಣುತ್ತದೆ. ಮಾಲೀಕರು ಮಾತಾಡದೆ ಕೇಳಿದರು. ಅವರ ಕಿಡ್ನಿ ಹೋಗಿದೆ, ವಾರಕ್ಕೆರಡು ಸಲ ಡಯಾಲಿಸಿಸ್, ಅದಕ್ಕೇ ಮಾರಾಟ. 'ನೀವು ಒಳ್ಳೆಯವರಾಗೂದು ನನ್ನ ಆರು ಲಕ್ಷದಲ್ಲಾ?' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆರು ಲಕ್ಷವನ್ನು ನಾನೇ ಕೈಯಿಂದ ತುಂಬಿಕೊಡಬಹುದೇ ಅಂತ ಲೆಕ್ಕ ಹಾಕಿದೆ. ಕೊಡಬಹುದು. ಆದರೆ ಹೆಂಡತಿ ಕೇಳಿದಳು: 'ಆ ಹುಡುಗ ಪೆಟ್ರೋಲ್ ದುಡ್ಡಿಗಿಂತ ಒಂದು ರೂಪಾಯಿ ಜಾಸ್ತಿ ಇಸ್ಕೊಳ್ಳಿಲ್ಲ. ಇದನ್ನ ಇಸ್ಕೊಳ್ತಾನಾ? ಆಮೇಲೆ ಇಷ್ಟು ದುಡ್ಡು ಇನ್ನೊಬ್ಬರ ತೋಟಕ್ಕೆ ಕೊಡೋರು, ನಿಮ್ಮಣ್ಣ ಬೋರ್ ಕೊರಸೋಕೆ ಎರಡು ಲಕ್ಷ ಕೇಳಿದಾಗ ಯಾಕೆ ಕೊಡ್ಲಿಲ್ಲ?' ಅದು ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಮ್ಮ ಫ್ಲ್ಯಾಟಿನ ಕಂತು ನಡೆಯುತ್ತಿತ್ತು ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ.

ನಿನ್ನೆ ಬೆಳಗ್ಗೆ ಓಮ್ನಿ ಹುಡುಗ ಬಂದಿದ್ದ. ಮಳೆ ಹಿಡಿಯುವ ಮೊದಲು ತೋಟಕ್ಕೆ ಬೋರ್ಡೋ ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ರೋಗ ಬಂದು ಪಕ್ಕದ ಅವನ ತೋಟಕ್ಕೂ ಹಬ್ಬುತ್ತದೆ. ಯಾರು ಹೊಡೆಸ್ತೀರಿ, ನೀವಾ, ಅವ್ರಾ ಅಂತ ಕೇಳಿದ. ಇನ್ನೂ ಗೊತ್ತಿಲ್ಲ ಕಣಪ್ಪಾ ಅಂದೆ. ಹಾಗಾದ್ರೆ ನಂದರ ಜೊತೆಗೇ ಇದಕ್ಕೂ ಹೊಡೆಸಿಬಿಡ್ತೀನಿ, ಲೆಕ್ಕ ಆಮೇಲೆ ನೋಡನ ಅಂದು, ಹಿತ್ತಲ ದಣಪೆ ದಾಟಿ ಮರಗಳನ್ನು ಎಣಿಸಲು ಹೋದ.