ತಿತ್ತಿಯ ನೀರು ಎಷ್ಟು ದಿನ?

ನಮ್ಮ ಧರ್ಮಕೇಂದ್ರಗಳಲ್ಲಿ ಯಾರೂ ಬಹಿರಂಗವಾಗಿ ಕೇಳದ, ಆದರೆ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ತಗ್ಗಿದ ದನಿಯಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ. ಬೇರೆಯಾದ ಗಂಡನು 'ಇಷ್ಟು ಹಣ ಕೊಡುತ್ತೇನೆ, ಸಹಿ ಹಾಕು' ಎಂದು ಹೇಳಿಕಳುಹಿಸಿದಾಗ ವಿಶ್ವಾಸಿಯಾದ ಹೆಣ್ಣು ಏನೆಂದು ಉತ್ತರಿಸಬೇಕು? ತೆಗೆದುಕೊಂಡರೆ ವಿವಾಹ ಸಂಸ್ಕಾರವನ್ನೇ ಮಾರಿಕೊಂಡಂತಾಗುವುದೇ? ಹೆಚ್ಚು ಕೇಳಿದರೆ ದುರಾಸೆಯೇ? ಏನೂ ಬೇಡವೆಂದು ಬಿಟ್ಟುಕೊಟ್ಟರೆ ಅದು ಕ್ಷಮೆಯೇ, ಹಠವೇ?

ಮೊದಲನೆಯ ಸಂದೇಹಕ್ಕೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿಯೇ ಇದೆ. ಅದು ನಮ್ಮ ಜನರಿಗೆ ತಲುಪಿಲ್ಲವಷ್ಟೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೆಯ ಪರಿಚ್ಛೇದವು, ನ್ಯಾಯಬದ್ಧ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು, ಆಸ್ತಿಯ ರಕ್ಷಣೆಯನ್ನು ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲವಾದಾಗ ನಾಗರಿಕ ವಿಚ್ಛೇದನವನ್ನು ಸಹಿಸಬಹುದು, ಅದು ನೈತಿಕ ಅಪರಾಧವಾಗುವುದಿಲ್ಲ ಎಂದು ಹೇಳುತ್ತದೆ. ವಿವಾಹವು ಅಸಿಂಧುವೆಂದು ಧರ್ಮಸಭೆಯ ನ್ಯಾಯಪೀಠವೇ ತೀರ್ಪಿತ್ತಾಗಲೂ, ಪರಸ್ಪರರ ಮತ್ತು ಮಕ್ಕಳ ಪೋಷಣೆಯ ವಿಷಯದಲ್ಲಿ ಉಳಿದಿರುವ ಹೊಣೆಗಳನ್ನು ಇಬ್ಬರಿಗೂ ನೆನಪಿಸಬೇಕೆಂದು 1691ನೆಯ ಧರ್ಮನಿಯಮ ವಿಧಿಸುತ್ತದೆ. ಅಂದರೆ ಬಂಧನ ಸಡಿಲವಾದರೂ ಋಣ ಹರಿಯುವುದಿಲ್ಲ. ಆ ಹಣ ಸಂಸ್ಕಾರದ ಬೆಲೆಯಲ್ಲ, ಋಣದ ಲೆಕ್ಕ.

ಪವಿತ್ರ ಗ್ರಂಥದಲ್ಲಿ ಇಂತಹ ಲೆಕ್ಕದ ಪ್ರಸಂಗವೊಂದು ಬಹಳ ಮುಂಚೆಯೇ ಬರುತ್ತದೆ. ಆದಿಕಾಂಡದ 21ನೆಯ ಅಧ್ಯಾಯದಲ್ಲಿ ಅಬ್ರಹಾಮನು ಬೆಳಿಗ್ಗೆ ಎದ್ದು ಹಾಗರಳ ಹೆಗಲಿಗೆ ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಏರಿಸಿ, ಮಗನನ್ನು ಒಪ್ಪಿಸಿ ಕಳುಹಿಸಿಬಿಡುತ್ತಾನೆ. ಇದೇ ಅಬ್ರಹಾಮನು ದನಕರು, ಬೆಳ್ಳಿಬಂಗಾರಗಳಲ್ಲಿ ಸಿರಿವಂತನಾಗಿದ್ದನೆಂದು 13ನೆಯ ಅಧ್ಯಾಯ ಆಗಲೇ ಹೇಳಿದೆ. ಮುಂದೆ 23ನೆಯ ಅಧ್ಯಾಯದಲ್ಲಿ ಸಾರಳ ಸಮಾಧಿಯ ಭೂಮಿಗಾಗಿ ಅವನು ಚೌಕಾಸಿಯಿಲ್ಲದೆ 400 ಬೆಳ್ಳಿ ನಾಣ್ಯಗಳನ್ನು ತೂಗಿಕೊಡುತ್ತಾನೆ. ಹಾಗರಳಿಗೆ ಸಿಕ್ಕಿದ್ದು ಮಾತ್ರ ಒಂದು ತಿತ್ತಿ ನೀರು. ಬೇರ್ಷೆಬದ ಮರಳುಗಾಡಿನಲ್ಲಿ ಅದು ತೀರಿತು. ದೇವರು ಇಷ್ಮಾಯೇಲನ ಕೂಗನ್ನು ಕೇಳಿದರು, ಬಾವಿಯನ್ನು ತೋರಿಸಿದರು, ನಿಜ. ಆದರೆ ದೇವರು ಬಾವಿ ತೋರಿಸಿದರೆಂಬುದು ತಿತ್ತಿ ಸಾಕಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲ. 'ದೇವರು ನೋಡಿಕೊಳ್ಳುತ್ತಾನೆ ಬಿಡಮ್ಮ' ಎಂದು ಸಂತೈಸುವ ನಮ್ಮ ಹಿರಿಯರು ಈ ಭಾಗವನ್ನು ಇನ್ನೊಮ್ಮೆ ಓದುವುದು ಒಳಿತು.

ಗುಂಡ್ಲುಪೇಟೆಯ ಸುತ್ತಲಿನ ಒಂದು ಊರಿನ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಗಂಡನ ಮನೆಯವರಿಗೆ ಎರಡು ಎಕರೆ ಅರಿಶಿನ, ಬಾಳೆ. ಪಹಣಿ ಇನ್ನೂ ಮಾವನ ಹೆಸರಿನಲ್ಲಿದೆ. ಎಂಟು ವರ್ಷದ ಮಗನೊಡನೆ ಅವಳು ತವರು ಸೇರಿದ್ದಾಳೆ. ವಕೀಲರ ಮೂಲಕ 3 ಲಕ್ಷ ರೂಪಾಯಿಯ ಪ್ರಸ್ತಾಪ ಬರುತ್ತದೆ. ಮೂರು ಲಕ್ಷವೆಂದರೆ ಒಟ್ಟಿಗೆ ಕಂಡವರು ಕಡಿಮೆ. ತಮ್ಮಂದಿರು 'ಸಿಕ್ಕಿದ್ದನ್ನು ತೆಗೆದುಕೋ' ಎನ್ನುತ್ತಾರೆ, ತಾಯಿ 'ಅವರ ಕಾಸು ನಮಗೇಕೆ' ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಇಬ್ಬರೂ ಲೆಕ್ಕ ಹಾಕಿಲ್ಲ. ಮಗನಿಗೆ ಹದಿನೆಂಟು ತುಂಬಲು ಹತ್ತು ವರ್ಷ, ಅಂದರೆ 120 ತಿಂಗಳು. ಬಡ್ಡಿಯನ್ನು ಬದಿಗಿಟ್ಟು ಹಂಚಿದರೆ ತಿಂಗಳಿಗೆ 2,500 ರೂಪಾಯಿ, ಎರಡು ಜೀವಗಳಿಗೆ. ಪ್ರಸ್ತಾಪ ಬಂದಾಗ ಅದನ್ನು ಮೊದಲು ತಿಂಗಳುಗಳಿಗೆ ಒಡೆದು ನೋಡಿರಿ. ಆಗ ತಿತ್ತಿಯಲ್ಲಿ ನೀರೆಷ್ಟು ಎಂಬುದು ತಿಳಿಯುತ್ತದೆ. ಹಾಗೆಂದು ತಿಂಗಳ ಜೀವನಾಂಶವೇ ಯಾವಾಗಲೂ ಮೇಲೆನ್ನಲಾಗದು. ಅರಿಶಿನದ ಧಾರಣೆ ಒಂದು ವರ್ಷ ಏರುತ್ತದೆ, ಮತ್ತೊಂದು ವರ್ಷ ಇಳಿಯುತ್ತದೆ. ಕಾಗದದ ಮೇಲಿನ ತಿಂಗಳ ಹಣಕ್ಕಾಗಿ ಮತ್ತೆ ಮತ್ತೆ ಚಾಮರಾಜನಗರದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು. 2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ಸಿನ ಟಿಕೆಟ್ಟಿನ ಹಣ ಉಳಿಯಿತು. ಕಳೆದುಹೋಗುವ ಕೂಲಿಯ ದಿನ ಉಳಿಯಲಿಲ್ಲ.

ಕಾನೂನಿನ ಮಾತನ್ನೂ ಸ್ವಲ್ಪ ತಿಳಿದಿರಬೇಕು. ನಮಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ, ದಾವೆ ನಡೆಯುತ್ತಿರುವಾಗ ಪತ್ನಿಗೆ ಕೊಡುವ ಜೀವನಾಂಶವು ಗಂಡನ ನಿವ್ವಳ ವರಮಾನದ ಐದನೆಯ ಒಂದು ಭಾಗವನ್ನು ಮೀರಬಾರದೆಂಬ ಮಿತಿಯಿತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅದೇ ದಾರಿ ಮಾಡಿತು. ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಕಾಯಿದೆ ಆರು ತಿಂಗಳ ಕಾಲಾವಕಾಶ ಇಟ್ಟಿದೆ. ಶಾಶ್ವತ ಜೀವನಾಂಶವನ್ನು ನಿರ್ಧರಿಸುವಾಗ ನ್ಯಾಯಾಲಯ ನೋಡುವುದು ಪತ್ನಿಯ ಸ್ವಂತ ಆಸ್ತಿ, ಗಂಡನ ಶಕ್ತಿ, ಇಬ್ಬರ ನಡತೆ. ಗಂಡನ ಶಕ್ತಿ ಗುಟ್ಟಾಗಿ ಉಳಿಯಬೇಕಾಗಿಲ್ಲ: ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಪಕ್ಷದವರು ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರ್‌ನಲ್ಲಿ ಆದೇಶಿಸಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ವರಮಾನವೆಷ್ಟೇ ಇರಲಿ, ಯಾವ ಹೆಣ್ಣಿಗಾದರೂ ಉಚಿತ ನೆರವು ಸಲ್ಲುತ್ತದೆ.

ನಮ್ಮ ರಾಜ್ಯದ ಕಲಬುರಗಿಯ ಪ್ರಕರಣವೊಂದನ್ನು ಇಲ್ಲಿ ನೆನೆಯಬೇಕು. 1994ರಲ್ಲಿ ಒಬ್ಬ ಪತ್ನಿ 8,000 ರೂಪಾಯಿಯನ್ನು ಒಟ್ಟಿಗೆ ಪಡೆದು, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲವೆಂದು ನ್ಯಾಯಾಲಯದಲ್ಲಿ ರಾಜಿಪತ್ರ ಬರೆದುಕೊಟ್ಟಳು. ಮುಂದೆ ಅವಳು ಹೂಡಿದ ದಾವೆಯಲ್ಲಿ ಕುಟುಂಬ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಮಂಜೂರು ಮಾಡಿತು. ಗಂಡ ದೆಹಲಿಯವರೆಗೆ ಹೋದ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ, ಜೀವನಾಂಶವನ್ನು ಎಂದೆಂದಿಗೂ ಬಿಟ್ಟುಕೊಡುವ ಅಂತಹ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಹೇಳಿ ಅವಳ ಹಕ್ಕನ್ನು ಎತ್ತಿಹಿಡಿಯಿತು. ಅದು ಹಿಂದೂ ಕಾಯಿದೆಯಡಿಯ ಮೊಕದ್ದಮೆ, ವಿಚ್ಛೇದನದ್ದೂ ಅಲ್ಲ. ಆದ್ದರಿಂದ ಅದನ್ನು ನಂಬಿ ಇಂದು ಸಹಿ ಹಾಕಿ ನಾಳೆ ಕೇಳೋಣವೆಂದುಕೊಳ್ಳಬೇಡಿ. 8,000 ರೂಪಾಯಿಗೆ ಒಬ್ಬಳು ಏಕೆ ಸಹಿ ಹಾಕಿರಬಹುದು ಎಂಬುದನ್ನು ಮಾತ್ರ ಯೋಚಿಸಿರಿ. ದಣಿವು, ನಾಚಿಕೆ, ಅಂದಿನ ಹಸಿವು: ಇವುಗಳಲ್ಲಿ ಯಾವುದನ್ನಾದರೂ ನಾವು ಸಮ್ಮತಿ ಎಂದು ಕರೆಯಬಹುದೇ?

ಇನ್ನು ಕ್ಷಮೆಯ ಮಾತು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿ, ವ್ಯಾಜ್ಯವಾಡುವುದಕ್ಕಿಂತ ಅನ್ಯಾಯವನ್ನು ಸಹಿಸಬಾರದೇಕೆ ಎಂದು ಕೇಳುತ್ತಾರೆ. ಈ ವಾಕ್ಯವನ್ನು ನಾವು ಹೆಣ್ಣುಮಕ್ಕಳಿಗೆ ಧಾರಾಳವಾಗಿ ಓದಿಹೇಳುತ್ತೇವೆ. ಅದರ ಮರುವಾಕ್ಯದಲ್ಲಿ ಪೌಲರು ಸಹೋದರನಿಗೇ ಮೋಸಮಾಡುವವರನ್ನು ಗದರಿಸುತ್ತಾರೆಂಬುದನ್ನು ಹೇಳುವುದಿಲ್ಲ. ತನಗಾದ ನೋವನ್ನು ಅವಳು ಮನ್ನಿಸಬಹುದು, ತನ್ನ ಪಾಲನ್ನೂ ಬಿಟ್ಟುಕೊಡಬಹುದು, ಅದು ಅವಳದು. ಮಗನ ಅನ್ನ, ಶಾಲೆಯ ಶುಲ್ಕ ಅವಳದಲ್ಲ, ಅದನ್ನು ಮನ್ನಾ ಮಾಡುವ ಅಧಿಕಾರ ಅವಳಿಗಿಲ್ಲ. ತವರಿನಿಂದ ತಂದ ಚಿನ್ನವನ್ನು ಹಿಂದಿರುಗಿಸುವುದೂ ಪ್ರಸ್ತಾಪದೊಳಗಿನ ಔದಾರ್ಯವಲ್ಲ, ಅದು ಮೊದಲೇ ಅವಳದು. ಜಕ್ಕಾಯನ ಮನೆಗೆ ಪ್ರಭು ಯೇಸು ಬಂದ ದಿನ ಅವನು ಬರಿದೆ ಕಣ್ಣೀರಿಡಲಿಲ್ಲ; ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಎದ್ದುನಿಂತು ಲೆಕ್ಕ ಹೇಳಿದನು.

ಆದರೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಲಾಗದು. ಕೆಲವೊಮ್ಮೆ ಕೇಳುವ ಮೊತ್ತವೇ ಶಿಕ್ಷೆಯಾಗಿರುತ್ತದೆ. ಎರಡೆಕರೆಯವನಿಂದ ಇಪ್ಪತ್ತು ಲಕ್ಷ ಕೇಳುವವಳಿಗೆ ಬೇಕಾದುದು ಹಣವಲ್ಲ. ಅವನು ಜಮೀನು ಮಾರುವುದನ್ನು ನೋಡಬೇಕು. ಅವಳ ನೋವು ಎಷ್ಟೇ ನಿಜವಿರಲಿ, ಆ ಜಮೀನಿನಿಂದಲೇ ಮಗನ ಶುಲ್ಕವೂ ಬರಬೇಕಾಗಿದೆ. ಹಾಗೆಯೇ ಪ್ರಸ್ತಾಪ ಕಳುಹಿಸುವ ಗಂಡಸರಿಗೆ ಒಂದು ಮಾತು: 'ಕೈತೊಳೆದುಕೊಂಡೆ' ಎಂಬುದು ನಮ್ಮ ಆಡುಮಾತು, ಆದರೆ ಶುಭಸಂದೇಶದಲ್ಲಿ ಕೈತೊಳೆದುಕೊಂಡವನು ಯಾರೆಂಬುದು ನಿಮಗೆ ಗೊತ್ತಿದೆ. ಅಬ್ರಹಾಮನು ತೀರಿಕೊಂಡಾಗ ಮಕ್ಪೇಲದ ಗವಿಯಲ್ಲಿ ಅವನನ್ನು ಮಣ್ಣುಮಾಡಲು ಇಸಾಕನೊಬ್ಬನೇ ಬರಲಿಲ್ಲ, ಇಷ್ಮಾಯೇಲನೂ ಬಂದನು.

ಹಾಗಾದರೆ ಉತ್ತರ ಹೇಗಿರಬೇಕು? ಬಂದ ದಿನವೇ ಬರೆಯಬೇಡಿರಿ. ಸಿಟ್ಟಿನಲ್ಲಿ ಬರೆದ ಪತ್ರ ನಾಳೆ ನ್ಯಾಯಾಲಯದ ಕಡತ ಸೇರುತ್ತದೆ. ಬಾಯಿಮಾತಿನಲ್ಲಿಯೂ, ಮಧ್ಯಸ್ಥ ಬಂಧುವಿನ ಮೂಲಕವೂ ಒಪ್ಪಬೇಡಿರಿ. ಹಳೆಯ ಜಗಳಗಳ ಪಟ್ಟಿ ಬೇಡ, ಶಾಪವೂ ಬೇಡ. ಮಗನ ಖರ್ಚು ಎಷ್ಟು, ನಿಮ್ಮ ದುಡಿಮೆ ಎಷ್ಟು, ಕೊರತೆ ಎಷ್ಟು ಎಂದು ಬರೆಯಿರಿ. ಮಗನ ಭಾಗವನ್ನು ನಿಮ್ಮ ಭಾಗದಿಂದ ಬೇರೆಯಾಗಿ ತೋರಿಸಿ, ಅವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡುವಂತೆ ಕೇಳಿರಿ. ಕಂತುಗಳಾದರೆ ತಾರೀಖುಗಳನ್ನೂ, ತಪ್ಪಿದರೆ ಏನೆಂಬುದನ್ನೂ ಬರೆಯಿಸಿರಿ. ಕೊನೆಗೆ ಬೇಸಿಗೆ ರಜೆಯಲ್ಲಿ, ಕ್ರಿಸ್ಮಸ್ ಹಬ್ಬದಲ್ಲಿ ಮಗನು ತಂದೆಯ ಮನೆಯಲ್ಲಿ ಎಷ್ಟು ದಿನ ಇರುತ್ತಾನೆಂಬುದನ್ನು ಸೇರಿಸಿ, ಪತ್ರವನ್ನು ವಕೀಲರಿಗೆ ತೋರಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿರಿ.